ಕುದುರೆಯ ಲಗಾಮು ಹಿಡಿದವನು

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲು ಮುಗಿದ ಮೇಲೆ, ಗಡಿಯಾರದ ಕೆಳಗೆ ಒಬ್ಬ ಜರ್ಮನ್ ಸೈನ್ಯಾಧಿಕಾರಿ ಕೂತಿದ್ದ. ಮನೆಗೆ ಹೊಸದಾಗಿ ಬಂದವರೆಲ್ಲ ‘ಇವರ್ಯಾರು?’ ಎಂದು ಕೇಳುತ್ತಿದ್ದದ್ದು ಅವನನ್ನು ನೋಡಿಯೇ. ಅವನ ಹಿಂದೆ ಪೇಟ ಸುತ್ತಿಕೊಂಡು, ಕಂಕುಳಿಗೆ ಭರ್ಜಿ ಆನಿಸಿಕೊಂಡು, ಎಡಗೈಯಲ್ಲಿ ಕುದುರೆಯ ಲಗಾಮು ಹಿಡಿದು ನಿಂತಿದ್ದವರು ನಮ್ಮ ತಾತ. ಅವರನ್ನು ಯಾರೂ ಮೊದಲು ಕೇಳುತ್ತಿರಲಿಲ್ಲ.

ಜರ್ಮನ್ ಒಂದು ಬಂಡೆಯ ಮೇಲೆ ಒಂದು ಕಾಲು ನೀಡಿಕೊಂಡು ಕೂತಿದ್ದ. ಕೋಟಿನ ಎದೆಯ ಮೇಲೆ ಎರಡು ಸಾಲು ಗುಂಡಿ. ಎಡಗೆನ್ನೆಯಲ್ಲಿ ಉದ್ದನೆಯ ಗಾಯದ ಗುರುತು. ತೊಡೆಯ ಮೇಲೆ ಅಡ್ಡಲಾಗಿ ಕತ್ತಿ. ಹಿಂದೆ ಒಂದು ಬೋಳು ಗುಡ್ಡ. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ ಪ್ಯಾಲೆಸ್ತೀನಿನಲ್ಲಿ ತೆಗೆದ ಫೋಟೋ ಅದು.

ತಾತ ಆಗ ಮೈಸೂರು ಮಹಾರಾಜರ ಕುದುರೆ ಸೈನ್ಯದಲ್ಲಿ ಸವಾರ. ಇಂಗ್ಲಿಷರ ಪರವಾಗಿ ತುರ್ಕರ ಮೇಲೆ ಯುದ್ಧಕ್ಕೆ ಹೋಗಿದ್ದರು. ತುರ್ಕರ ಜೊತೆ ಅಲ್ಲಲ್ಲಿ ಜರ್ಮನ್ ಅಧಿಕಾರಿಗಳೂ ಇದ್ದರು. ಒಂದು ಬೆಳಿಗ್ಗೆ ಕಾದಾಟ ಮುಗಿದ ಮೇಲೆ ತಾತ ತಂಡದಿಂದ ಹಿಂದುಳಿದು ಬರುತ್ತಿದ್ದಾಗ ಬಂಡೆಗಳ ಸಂದಿಯಲ್ಲಿ ಈ ಮನುಷ್ಯ ಕಂಡ. ಅವನ ಕುದುರೆ ಸತ್ತುಬಿದ್ದಿತ್ತು, ಕಾಲು ಉಳುಕಿತ್ತು, ಪಿಸ್ತೂಲಿನಲ್ಲಿ ಗುಂಡು ಮುಗಿದಿತ್ತು. ತಾತ ಭರ್ಜಿಯ ಮೊನೆ ತೋರಿಸಿ, ಕತ್ತಿ ಕೊಡು ಎಂದು ಕೈಸನ್ನೆ ಮಾಡಿದರು. ಅವನು ತಲೆ ಅಲ್ಲಾಡಿಸಿದ. ತಾತನ ಮುಖವನ್ನು ಬೆರಳು ಮಾಡಿ ತೋರಿಸಿ, ಬೇಡ ಎಂಬಂತೆ ಕೈಯಾಡಿಸಿದ. ಆಮೇಲೆ ತೋಳು ಮಡಚಿ ತನ್ನ ಬಿಳಿಯ ಮುಂಗೈಯನ್ನು ಉಜ್ಜಿ ಉಜ್ಜಿ ತೋರಿಸಿದ. ಇಂಥವನೊಬ್ಬನನ್ನು ಕರೆದುಕೊಂಡು ಬಾ, ಅವನಿಗೆ ಕೊಡುತ್ತೇನೆ, ನಿನಗಲ್ಲ.

ತಾತ ಚುಚ್ಚಲಿಲ್ಲ. ಬಿಸಿಲಿನಲ್ಲಿ ಕಾವಲು ನಿಂತರು. ತಮ್ಮ ಚರ್ಮದ ಚೀಲದಿಂದ ಅವನಿಗೆ ನೀರು ಕೊಟ್ಟರು. ಮಧ್ಯಾಹ್ನ ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಬಂದ. ಮೊದಲು ಫೋಟೋ ತೆಗೆದ. ಆಮೇಲೆ ಜರ್ಮನ್ ಕುಂಟುತ್ತ ಎದ್ದು ನಿಂತು, ಸೆಲ್ಯೂಟ್ ಹೊಡೆದು, ಕತ್ತಿಯನ್ನು ಕ್ಯಾಪ್ಟನ್ನಿಗೆ ಒಪ್ಪಿಸಿದ. ಊರಿಗೆ ಹಿಂತಿರುಗುವ ಮುಂಚೆ ಆ ಕ್ಯಾಪ್ಟನ್ ತಾತನಿಗೂ ಒಂದು ಪ್ರತಿ ಕೊಟ್ಟಿದ್ದ.

ತಾತ ಇದನ್ನು ಹೇಳುತ್ತಿದ್ದದ್ದು ನಗುನಗುತ್ತ. ಜಗಲಿಯ ಮೇಲೆ ಕೂತು, ಕಾಲು ನೀಡಿ, ಮೀಸೆ ಮೇಲಕ್ಕೆ ತೀಡಿ, ಮುಂಗೈ ಉಜ್ಜಿ ತೋರಿಸುತ್ತಿದ್ದರು. ನಾವು ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. “ತಾತಾ, ಬಿಳಿಯೋನ್ನ ಕರ್ಕೊಂಡ್ ಬಾ ಮಾಡಿ ತೋರ್ಸಿ!” ಎಂದು ಪೀಡಿಸುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ತಾತ ಹೋದರು. ಆ ಕತೆ ನಗುವಂಥದ್ದಲ್ಲ ಎಂಬುದು ನನಗೆ ಗೊತ್ತಾಗಿದ್ದು ಜರ್ಮನಿಗೆ ಹೋದ ಮೇಲೆ.

ನಾವು ಹೋದದ್ದು ಗ್ರೀನ್ ಕಾರ್ಡ್ ಮೇಲೆ. ಅಮೆರಿಕದ್ದಲ್ಲ, ಜರ್ಮನಿಯದು. ಕಂಪ್ಯೂಟರ್ ಕಲಿತವರನ್ನು ಐದು ವರ್ಷದ ಮಟ್ಟಿಗೆ ಕರೆಸಿಕೊಳ್ಳುವ ಯೋಜನೆ. ಅದು ಕಾರ್ಡೂ ಅಲ್ಲ, ಹಸಿರೂ ಅಲ್ಲ, ಪಾಸ್‌ಪೋರ್ಟಿನಲ್ಲಿ ಅಂಟಿಸುವ ಒಂದು ಚೀಟಿ. ನನ್ನ ಗಂಡನಿಗೆ ಅಲ್ಲಿನ ಒಂದು ಚಿಕ್ಕ ಊರಾದ ಶ್ವೀಬರ್ಡಿಂಗೆನ್‌ನಲ್ಲಿ, ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದ ನಾನು ಕೆಲಸ ಬಿಟ್ಟು ಹೊರಟೆ. ಹೊರಡುವ ದಿನ ಅಪ್ಪ ಗೋಡೆಯಿಂದ ಆ ಫೋಟೋ ಇಳಿಸಿ, ಕಟ್ಟು ಬಿಚ್ಚಿ, ಒಂದು ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ಅವರ ದೇಶಕ್ಕೇ ಹೋಗ್ತಾ ಇದೀಯಲ್ಲ ಪುಟ್ಟಿ. ಅವನು ಯಾರು ಅಂತ ವಿಚಾರಿಸು. ಅಷ್ಟು ವರ್ಷ ನಮ್ಮನೇಲಿ ಇದ್ದ, ಹೆಸರೇ ಗೊತ್ತಿಲ್ಲ.”

“ಎಂಬತ್ತು ಕೋಟಿ ಜನ ಅಪ್ಪಾ ಅಲ್ಲಿ. ಯಾರನ್ನ ಅಂತ ಕೇಳ್ಲಿ?”

“ಎಂಟು ಕೋಟಿ. ಲೆಕ್ಕದ ಮೇಷ್ಟ್ರು ಬೇರೆ ನೀನು.”

ಜರ್ಮನಿಯಲ್ಲಿ ನನ್ನ ಪಾಸ್‌ಪೋರ್ಟಿನ ಮೇಲೆ ಹೊಡೆದ ಮುದ್ರೆಯಲ್ಲಿ ‘ದುಡಿಯಲು ಅನುಮತಿ ಇಲ್ಲ’ ಎಂದಿತ್ತು. ಗಂಡ ಬೇಕು, ಹೆಂಡತಿ ಮನೆಯಲ್ಲಿರಲಿ. ಗಂಡನೂ ಎಲ್ಲರಿಗೂ ಬೇಕಾಗಿರಲಿಲ್ಲ. ಇಂಡಿಯನ್ನರ ಬದಲು ನಮ್ಮ ಮಕ್ಕಳು ಎಂಬ ಅರ್ಥದ ಒಂದು ಘೋಷಣೆ ಯಾವುದೋ ಚುನಾವಣೆಯಲ್ಲಿ ಹುಟ್ಟಿ ಆಗಿನ್ನೂ ಜನರ ಬಾಯಲ್ಲಿತ್ತು. ಜರ್ಮನ್ ಭಾಷೆಯಲ್ಲಿ ಅದಕ್ಕೊಂದು ಪ್ರಾಸವಿದೆ. ಬೇಕರಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮುದುಕನೊಬ್ಬ ಅದನ್ನು ಹಾಡಿನ ಹಾಗೆ ಗುನುಗಿದ. ಆಗ ಅರ್ಥವಾಗಲಿಲ್ಲ, ನಾನು ಅವನಿಗೆ ನಗುಮುಖ ತೋರಿಸಿದೆ. ಅರ್ಥವಾದ ದಿನ ಆ ನಗುವನ್ನು ವಾಪಸ್ ಕಿತ್ತುಕೊಂಡು ಬರೋಣ ಅನ್ನಿಸಿತ್ತು.

ಹಗಲೆಲ್ಲ ಏನು ಮಾಡುವುದು? ಊರಿನವರೇ ದೊಡ್ಡವರಿಗಾಗಿ ನಡೆಸುವ ಶಾಲೆಯಲ್ಲಿ ಜರ್ಮನ್ ಕಲಿಯಲು ಸೇರಿದೆ. ಒಮ್ಮೆ ಟೀಚರ್, ‘ಮನೆಯಿಂದ ಒಂದು ವಸ್ತು ತನ್ನಿ, ಅದರ ಬಗ್ಗೆ ಮಾತಾಡಿ’ ಎಂದರು. ನಾನು ಫೋಟೋ ತೆಗೆದುಕೊಂಡು ಹೋದೆ. ಹರಕುಮುರುಕು ಜರ್ಮನ್‌ನಲ್ಲಿ ಕತೆ ಹೇಳಿದೆ. ಪಕ್ಕದಲ್ಲಿ ಕೂರುತ್ತಿದ್ದ ತುರ್ಕಿ ಗೆಳತಿ, “ಅಂದರೆ ನಿನ್ನ ತಾತ ನನ್ನ ಮುತ್ತಾತನ ಮೇಲೆ ಈಟಿ ಎತ್ತಿದ್ದಾನೆ” ಎಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಎಲ್ಲರೂ ನಕ್ಕರು. ಟೀಚರ್ ಮಾತ್ರ ಫೋಟೋವನ್ನು ಬೆಳಕಿಗೆ ಹಿಡಿದು, “ಇದನ್ನು ನಮ್ಮೂರಿನ ಇತಿಹಾಸ ಸಂಘದವರಿಗೆ ತೋರಿಸಬೇಕು” ಎಂದರು. ಮಾರನೆಯ ವಾರ ಅವರೇ ನನ್ನನ್ನು ಆ ಸಂಘದ ಮುಖ್ಯಸ್ಥರ ಮನೆಗೆ ಕಳಿಸಿದರು.

ಆತ ಔಷಧಿ ಅಂಗಡಿ ನಡೆಸಿ ನಿವೃತ್ತರಾದವರು. ಎತ್ತರದ ಆಳು, ಬಿಳಿಯ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಬಾಗಿಲು ತೆರೆದ ಕೂಡಲೇ ನನ್ನ ಜರ್ಮನ್ ಬಹಳ ಚೆನ್ನಾಗಿದೆ ಎಂದರು. ನಾನಾಗ ಆಡಿದ್ದು ‘ನಮಸ್ಕಾರ’ ಅಷ್ಟೆ. ಆದರೂ ಖುಷಿಯಾಯಿತು. ಫೋಟೋವನ್ನು ಮೇಜಿನ ಮೇಲಿಟ್ಟು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಅವರು ಬಾಗಿದರು.

“ಉಲಾನ್” ಎಂದರು ಕೊನೆಗೆ. “ಈ ಎರಡು ಸಾಲು ಗುಂಡಿ ನೋಡಿ, ಸೊಂಟದ ಕಡೆಗೆ ಬರುತ್ತ ಹತ್ತಿರವಾಗುತ್ತವೆ. ಉಲಾನ್ ಅಂದರೆ ಭರ್ಜಿ ಹಿಡಿಯುವ ಕುದುರೆ ಸವಾರರು. ಈತ ಅವರ ಅಧಿಕಾರಿ.”

“ನಮ್ಮ ತಾತನೂ ಭರ್ಜಿ ಸವಾರರೇ” ಎಂದೆ.

“ಹೌದೇ” ಎಂದರು ಗಾಜಿನಿಂದ ಕಣ್ಣು ತೆಗೆಯದೆ. “ಕೆನ್ನೆಯ ಗಾಯ ಯುದ್ಧದ್ದಲ್ಲ. ವಿದ್ಯಾರ್ಥಿಯಾಗಿದ್ದಾಗ ಕತ್ತಿ ವರಸೆಯಲ್ಲಿ ಆದದ್ದು. ಆ ಕಾಲದಲ್ಲಿ ಅದು ಹೆಮ್ಮೆಯ ಗುರುತು. ಇನ್ನು ಈ ಭುಜಪಟ್ಟಿ...” ಅಲ್ಲಿಗೆ ಬಂದವರು ತಟ್ಟನೆ ನೆಟ್ಟಗೆ ಕೂತರು. ಭುಜಪಟ್ಟಿಯ ಮೇಲೆ ಒಂದು ಅಕ್ಷರ, ಅದರ ಮೇಲೆ ಕಿರೀಟ. ಅದು ನಮ್ಮ ಪಕ್ಕದ ಪಟ್ಟಣದಲ್ಲೇ ಬೀಡುಬಿಟ್ಟಿದ್ದ ಒಂದು ರೆಜಿಮೆಂಟಿನ ಗುರುತಂತೆ. ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿ. ಮೈಸೂರಿನ ಗೋಡೆಯ ಮೇಲಿದ್ದವನು ಇಲ್ಲಿಯವನು. ನನ್ನ ಮೈ ಜುಮ್ಮೆಂದಿತು. ಆತನ ಮುಖವೂ ಅರಳಿತ್ತು, ಸುಳ್ಳು ಹೇಳಬಾರದು.

ಆಮೇಲಿನ ಕೆಲವು ವಾರ ಸಂತೋಷವಾಗಿಯೇ ಕಳೆದವು. ಯುದ್ಧಕ್ಕೆ ಮುಂಚೆ ಆ ರೆಜಿಮೆಂಟಿನ ಅಧಿಕಾರಿಗಳೆಲ್ಲ ಮೆಟ್ಟಿಲುಗಳ ಮೇಲೆ ಕೂತು ತೆಗೆಸಿಕೊಂಡ ಒಂದು ಗುಂಪು ಫೋಟೋವನ್ನು ಆತ ಎಲ್ಲಿಂದಲೋ ತರಿಸಿದರು. ನಾವಿಬ್ಬರೂ ಮೇಜಿನ ಎರಡು ಬದಿ ಕೂತು ಒಂದೊಂದೇ ಮುಖ ಹೋಲಿಸಿದೆವು. ಮೀಸೆ ನೋಡಬೇಡಿ, ಮೀಸೆ ಬದಲಾಗುತ್ತದೆ, ಕಿವಿ ನೋಡಿ ಎಂದು ಹೇಳಿಕೊಟ್ಟರು. ಕಿವಿಯ ಆಕಾರ ಸಾಯುವವರೆಗೂ ಬದಲಾಗುವುದಿಲ್ಲವಂತೆ. ಮೇಲಿನ ಸಾಲಿನಲ್ಲಿ ಹಾಲೆ ಕೆನ್ನೆಗೆ ಅಂಟಿಕೊಂಡಂತಿದ್ದ ಆ ಕಿವಿಯನ್ನು ಮೊದಲು ಕಂಡುಹಿಡಿದದ್ದು ನಾನು. “ಇವನೇ!” ಎಂದು ಕನ್ನಡದಲ್ಲಿ ಕೂಗಿಬಿಟ್ಟೆ. ಆತ ಗಾಜಿಟ್ಟು ನೋಡಿ, ಎದ್ದು ಬಂದು ನನ್ನ ಕೈ ಕುಲುಕಿದರು. ಕೆಳಗೆ ಅಚ್ಚಾಗಿದ್ದ ಹೆಸರುಗಳಲ್ಲಿ ಆ ಹೆಸರೂ ಇತ್ತು. ಆಮೇಲೆ ಅವನು ರಿಟ್‌ಮೈಸ್ಟರ್ ಆದನಂತೆ, ಅಂದರೆ ಕುದುರೆ ಪಡೆಯ ಕ್ಯಾಪ್ಟನ್.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಮನೆಯವರೊಬ್ಬರಿಗೆ ಹಾಗೆ ಮಾತು ಕೊಟ್ಟಿದ್ದೇನೆ. ಅವನದು ಬರೆಯದ ಮೇಲೆ ತಾತನದೂ ಬೇಡ. ಒಬ್ಬರದು ಬರೆದು ಒಬ್ಬರದು ಬಿಡುವ ಕೆಲಸವಾಗಲೀ, ಇಬ್ಬರದೂ ಒಂದೇ ತೂಕ ಎಂಬ ನಾಟಕವಾಗಲೀ ನನಗೆ ಬೇಕಿಲ್ಲ. ಎರಡೂ ಬೇಡ, ಅಷ್ಟೆ.

ಅಂದೇ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಕೈಬಿಟ್ಟು, “ಮಕ್ಕಳುಮರಿ ಇದ್ದಾರಂತಾ?” ಎಂದು ಕೇಳಿದರು. ಬೀಗರ ಮನೆಯ ವಿಚಾರ ಕೇಳಿದ ಹಾಗೆ.

ತಾತನ ಕತೆಯನ್ನು ನಾನು ಔಷಧಿ ಅಂಗಡಿಯ ಆ ಯಜಮಾನರಿಗೆ ಪೂರ್ತಿ ಹೇಳಿದ್ದು ಅದೇ ಮೇಜಿನ ಎದುರು. ಮುಂಗೈ ಉಜ್ಜಿಯೂ ತೋರಿಸಿದೆ. ಆತ ನಗಲಿಲ್ಲ. ಭೂತಗನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯೊಳಗಿಟ್ಟರು.

“ಮನೆಗಳಲ್ಲಿ ಹೇಳುವ ಕತೆಗಳು ಯಾವಾಗಲೂ ಸ್ವಾರಸ್ಯವಾಗಿರುತ್ತವೆ” ಎಂದರು.

ಆ ಮಾತು ಆಗಲೇ ಚುರ್ ಎನ್ನಬೇಕಿತ್ತು. ಎನ್ನಲಿಲ್ಲ. ನಮ್ಮ ಪ್ರದೇಶದ ಕುದುರೆ ಸವಾರರ ಬಗ್ಗೆ ಸಂಘ ಒಂದು ಪ್ರದರ್ಶನ ಮಾಡಲಿದೆ, ಫೋಟೋ ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆ. ತಾತ ಜರ್ಮನಿಯಲ್ಲಿ ಗೋಡೆ ಏರುತ್ತಾರೆ ಎಂದು ಮನೆಗೆ ಬಂದು ಪಾಯಸ ಮಾಡಿದೆ.

ಪ್ರದರ್ಶನ ಒಂದು ಭಾನುವಾರ ಬೆಳಿಗ್ಗೆ, ಊರ ಹಳೆಯ ಕಣಜದ ಕಟ್ಟಡದಲ್ಲಿ. ನಾನು ಮೈಸೂರು ಸಿಲ್ಕ್ ಸೀರೆ ಉಟ್ಟು, ಅದರ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಹೋದೆ. ಗಂಡ ಟೈ ಕಟ್ಟಿಕೊಂಡಿದ್ದ. ತುರ್ಕಿ ಗೆಳತಿಯೂ ಬಂದಿದ್ದಳು. ಒಬ್ಬ ಹುಡುಗಿ ಪಿಟೀಲು ನುಡಿಸಿದಳು, ಮೇಯರ್ ಮಾತಾಡಿದರು, ಎಲ್ಲರೂ ಕೈಯಲ್ಲಿ ಗ್ಲಾಸು ಹಿಡಿದು ಚಿತ್ರಗಳ ಮುಂದೆ ಹೊರಟರು. ನಮ್ಮದು ಮಧ್ಯದ ಗೋಡೆಯಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ಆಳೆತ್ತರಕ್ಕೆ ಹಿಗ್ಗಿಸಿ ಹಾಕಿದ್ದರು.

ತಾತ ಇರಲಿಲ್ಲ.

ಬಂಡೆ ಇತ್ತು, ಜರ್ಮನ್ ಇದ್ದ, ಕುದುರೆಯ ಮುಖ ಇತ್ತು. ಕುದುರೆಯ ದವಡೆಯ ಹತ್ತಿರ ಚಿತ್ರ ಕತ್ತರಿಸಿ ಹೋಗಿತ್ತು. ಅಂಚಿನಲ್ಲಿ ಲಗಾಮು ಹಿಡಿದ ಒಂದು ಕೈ ಉಳಿದಿತ್ತು. ಮಣಿಕಟ್ಟಿನವರೆಗೆ. ಕೆಳಗೆ ಬರೆದಿತ್ತು: ರಿಟ್‌ಮೈಸ್ಟರ್ ಇಂಥವರು, ಪೂರ್ವದೇಶದಲ್ಲಿ, ತಮ್ಮ ನೆಚ್ಚಿನ ಕುದುರೆಯೊಂದಿಗೆ. ಲಗಾಮು ಹಿಡಿದಿರುವವನು ಅವರ ಇಂಡಿಯನ್ ಬುರ್ಷ.

ಬುರ್ಷ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಗೆಳತಿಯನ್ನು ಕೇಳಿದೆ.

“ಆಳು” ಎಂದಳು. “ಅಧಿಕಾರಿಯ ಬೂಟು ಒರೆಸುತ್ತಾನಲ್ಲ, ಅವನು.”

ಆ ಕುದುರೆ ತಾತನದು! ಕುಣಿಗಲ್‌ನಲ್ಲಿ ಹುಟ್ಟಿ ಬೆಳೆದದ್ದು. ಹಡಗಿನಲ್ಲಿ ಅದರ ಪಕ್ಕದಲ್ಲೇ ಮಲಗಿ ಸಮುದ್ರ ದಾಟಿಸಿದ್ದೆ ಎಂದು ತಾತ ಹೇಳುತ್ತಿದ್ದರು. ಅದನ್ನೂ ಜರ್ಮನ್ ಮಾಡಿಬಿಟ್ಟಿದ್ದರು. ಕುದುರೆಗಾದರೂ ಮುಖ ಬಿಟ್ಟಿದ್ದರು.

ಯಜಮಾನರು ಮೇಯರ್ ಜೊತೆ ನಗುತ್ತ ನಿಂತಿದ್ದರು. ನಾನು ನೇರವಾಗಿ ಹೋಗಿ ನಡುವೆ ನಿಂತೆ.

“ಅದು ನನ್ನ ತಾತ” ಎಂದೆ. “ಆಳಲ್ಲ. ಆತ ಸೈನಿಕ. ಕೂತಿರುವವನು ಅವರ ಕೈದಿ.”

ಸಿಟ್ಟಿನಲ್ಲಿ ನನ್ನ ಜರ್ಮನ್ ಚೂರುಚೂರಾಯಿತು. ಪದಗಳ ಗಂಡು ಹೆಣ್ಣು ನಪುಂಸಕ ಎಲ್ಲ ಅದಲುಬದಲು. ಆದರೆ ದನಿ ಗಟ್ಟಿಯಾಗಿತ್ತು, ಶಾಲೆಯ ದನಿ. ಸುತ್ತಲಿನ ಮಾತು ನಿಂತಿತು.

“ನಾವು ಆಮೇಲೆ ಮಾತಾಡೋಣ” ಎಂದರು ಆತ ಮೆಲ್ಲಗೆ.

“ಈಗ. ನಾನು ನಿಮಗೆ ಹೇಳಿದ್ದೆ. ನಿಮ್ಮ ಮನೆಯಲ್ಲಿ ಕೂತು ಹೇಳಿದ್ದೆ.”

“ನೀವು ಹೇಳಿದ್ದು ಕತೆ. ಇತಿಹಾಸಕ್ಕೆ ಸಾಕ್ಷಿ ಬೇಕಾಗುತ್ತದೆ. ಚಿತ್ರ ನೋಡಿ, ಅವರ ತೊಡೆಯ ಮೇಲೆ ಕತ್ತಿ ಇದೆ. ಕೈದಿಯ ಕೈಯಲ್ಲಿ ಕತ್ತಿ ಇರುವುದಿಲ್ಲ. ಒಬ್ಬ ಅಧಿಕಾರಿ ಕೂತಿದ್ದಾನೆ, ಒಬ್ಬ ಇಂಡಿಯನ್ ಕುದುರೆ ಹಿಡಿದು ಹಿಂದೆ ನಿಂತಿದ್ದಾನೆ. ಇದರ ಅರ್ಥ ಏನೆಂದು ಯಾರನ್ನು ಬೇಕಾದರೂ ಕೇಳಿ.”

“ಭರ್ಜಿ! ಆಳಿನ ಕೈಗೆ ಭರ್ಜಿ ಯಾರು ಕೊಡುತ್ತಾರೆ? ಅದಕ್ಕೇ ಕತ್ತರಿಸಿದಿರಿ, ಅಲ್ಲವೇ?”

ಆತ ಮೇಯರ್ ಕಡೆ ತಿರುಗಿ, ಕ್ಷಮಿಸಿ ಎಂಬಂತೆ ಭುಜ ಕುಣಿಸಿದರು. ಆ ಭುಜ ಕುಣಿಸಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಗಂಡ ನನ್ನ ಮೊಣಕೈ ಜಗ್ಗುತ್ತಿದ್ದ. “ಎಲ್ರೂ ನೋಡ್ತಿದಾರೆ ಕಣೇ. ಬಾ ಹೋಗಣ.” ನನ್ನ ಪರವಾಗಿ ಬಾಯಿ ಬಿಟ್ಟವಳು ತುರ್ಕಿ ಗೆಳತಿ ಒಬ್ಬಳೇ. “ನಾಚಿಕೆಗೇಡು” ಎಂದು ಸ್ವಚ್ಛ ಜರ್ಮನ್‌ನಲ್ಲಿ ಹೇಳಿ, ಜ್ಯೂಸಿನ ಗ್ಲಾಸನ್ನು ಟಕ್ಕೆಂದು ಇಟ್ಟು ನಮ್ಮ ಜೊತೆ ಹೊರಬಂದಳು.

ಮನೆಯಲ್ಲಿ ಜಗಳ.

“ನೋಡು, ನಂಗೂ ಬೇಜಾರಾಯ್ತು. ಆದ್ರೆ ನಾಳೆ ಆಫೀಸಲ್ಲಿ ಗೊತ್ತಾಗತ್ತೆ, ಚಿಕ್ಕ ಊರು. ಪ್ರಾಜೆಕ್ಟ್ ಬೇರೆ ಅಲ್ಲಾಡ್ತಾ ಇದೆ. ನಮಗ್ಯಾಕೆ ಇವರ ಸಹವಾಸ? ಬಿಟ್ಟಾಕು.”

“ನಮ್ಮ ತಾತನ್ನ ಬೂಟು ಒರೆಸೋನು ಅಂದಿದಾರೆ ರೀ.”

“ಬೂಟು ಒರೆಸಲಿಲ್ಲ ಸರಿ. ಆದ್ರೂ ನಿಮ್ ತಾತ ಇಂಗ್ಲಿಷರ ಆಳಾಗೇ ತಾನೇ ಹೋಗಿದ್ದು?”

ನಾನು ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದೆ. ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ಅವನು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತೇನೋ. ಬಟ್ಟೆ ಮಡಚುತ್ತ, ತರಕಾರಿ ಹೆಚ್ಚುತ್ತ ಅದನ್ನೇ ಯೋಚಿಸುತ್ತಿದ್ದೆ. ಆ ಇಂಗ್ಲಿಷ್ ಕ್ಯಾಪ್ಟನ್ ಮೇಲೂ ಸಿಟ್ಟು ಬಂತು. ಕತ್ತಿಯನ್ನು ‘ನನಗಲ್ಲ, ಹಿಡಿದವನಿಗೆ ಕೊಡು’ ಎಂದು ಒಂದು ಮಾತು ಅವನು ಹೇಳಬಹುದಿತ್ತು. ಜಗಲಿಯ ಮೇಲೆ ಕೂತು ನಮ್ಮನ್ನು ನಗಿಸಿದ ತಾತನ ಮೇಲೂ ಬಂತು. ಯಾಕೆ ನಕ್ಕಿರಿ ತಾತಾ? ಒಂದು ಸಲವಾದರೂ ಹಲ್ಲು ಕಡಿದು ಹೇಳಿದ್ದರೆ ನಾವು ಬೇರೆ ರೀತಿ ಕಲಿಯುತ್ತಿರಲಿಲ್ಲವೇ?

ಮಾರನೆಯ ವಾರ ನನ್ನ ಫೋಟೋ ವಾಪಸ್ ಕೇಳಲು ಕಣಜದ ಕಟ್ಟಡಕ್ಕೆ ಹೋದೆ. ಮಧ್ಯದ ಗೋಡೆ ಖಾಲಿ. ಒಂದು ಚೀಟಿ ಅಂಟಿಸಿದ್ದರು: ಮಾಲೀಕರ ಕೋರಿಕೆಯ ಮೇರೆಗೆ ತೆಗೆಯಲಾಗಿದೆ.

ನಾನು ಕೋರಿದ್ದು ತೆಗೆಯಿರಿ ಎಂದಲ್ಲ. ಅಲ್ಲಿಂದ ನೇರ ಅವರ ಮನೆಗೆ ನಡೆದೆ. ಬಾಗಿಲಲ್ಲೇ ಆತ ಫೋಟೋ ಇದ್ದ ಲಕೋಟೆಯನ್ನು ಕೊಟ್ಟರು. ಒಳಗೆ ಕರೆಯಲಿಲ್ಲ.

“ನೀವು ಅರ್ಥ ಮಾಡಿಕೊಳ್ಳಬೇಕು” ಎಂದರು. “ರಿಟ್‌ಮೈಸ್ಟರ್ ಅವರ ಮಗಳು ಬದುಕಿದ್ದಾರೆ. ಎಂಬತ್ತು ದಾಟಿದೆ. ಇಲ್ಲೇ ಪಕ್ಕದ ಊರು. ಅಪ್ಪನೆಂದರೆ ಅವರಿಗೆ ದೇವರು. ಸೆರೆ ಸಿಕ್ಕಿದ್ದರು ಎನ್ನುವುದು ಬೇರೆ, ಯಾರ ಕೈಗೆ, ಹೇಗೆ ಎನ್ನುವುದು...”

ನಾನು ಲಕೋಟೆ ಹಿಡಿದು ನಿಂತೇ ಇದ್ದೆ. “ಸೆರೆ ಸಿಕ್ಕಿದ್ದು ನಿಮಗೆ ಗೊತ್ತಿತ್ತು.”

ಆತ ಬಾಗಿಲಿನ ಹಿಡಿಗೆ ಕೈ ಹಾಕಿದರು.

“ಕತ್ತಿ ಇರುವವನು ಕೈದಿಯಲ್ಲ ಎಂದು ಊರೆಲ್ಲ ಕೇಳುವ ಹಾಗೆ ನನಗೆ ಪಾಠ ಹೇಳಿದಿರಿ. ಗೊತ್ತಿದ್ದೂ!”

“ಒಬ್ಬ ವಯಸ್ಸಾದ ಹೆಂಗಸಿನ ಬಗ್ಗೆ ಕರುಣೆ ಇರಬೇಕು” ಎಂದು ಬಾಗಿಲು ಹಾಕಿಕೊಂಡರು.

ಕರುಣೆ! ಅವರ ಕರುಣೆಯ ಖರ್ಚಿಗೆ ನನ್ನ ತಾತ ಬೇಕಾಗಿತ್ತು. ಸರಿ, ಆ ವಯಸ್ಸಾದ ಹೆಂಗಸನ್ನೇ ನೋಡುತ್ತೇನೆ ಅಂದುಕೊಂಡೆ. ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ಟೆಲಿಫೋನ್ ಡೈರೆಕ್ಟರಿ ತೆಗೆದು ನಂಬರ್ ಹುಡುಕಿ ಫೋನ್ ಮಾಡಿದೆ. ‘ನಿಮ್ಮ ತಂದೆಯ ಒಂದು ಹಳೆಯ ಫೋಟೋ ನನ್ನ ಹತ್ತಿರ ಇದೆ’ ಎಂದೆ. ಗುರುವಾರ ಮಧ್ಯಾಹ್ನ ಕಾಫಿಗೆ ಬನ್ನಿ ಎಂದಿತು ಒಂದು ತೆಳುವಾದ ದನಿ. ಕಾಫಿ ಕುಡಿಯುವ ಮನಸ್ಸು ನನಗಿರಲಿಲ್ಲ. ನೋಯಿಸಬೇಕಿತ್ತು. ಬಸ್ಸಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡುತ್ತ ಹೋದೆ. ಈ ಸಲ ವ್ಯಾಕರಣ ತಪ್ಪಬಾರದು ಎಂದು ಹಿಂದಿನ ದಿನ ಗೆಳತಿಯಿಂದ ತಿದ್ದಿಸಿಕೊಂಡಿದ್ದೆ.

ಚಕ್ರದ ಊರುಗೋಲು ತಳ್ಳಿಕೊಂಡು ಬಂದು ಆಕೆ ಬಾಗಿಲು ತೆಗೆದರು. ಪುಟ್ಟ ಆಕಾರ, ಹತ್ತಿಯಂಥ ಕೂದಲು. ಮೇಜಿನ ಮೇಲೆ ಪ್ಲಮ್ ಹಣ್ಣಿನ ಕೇಕು, ಹೂವಿನ ಚಿತ್ತಾರದ ಕಪ್ಪುಗಳು. ಅವರ ಕಿವಿ ನೋಡಿದೆ. ಅದೇ ಅಂಟಿದ ಹಾಲೆ. ಕೂತ ಕೂಡಲೇ ಫೋಟೋ ತೆಗೆದು ಅವರ ಮುಂದಿಟ್ಟು, ಕಲಿತು ತಂದ ವಾಕ್ಯಗಳನ್ನೆಲ್ಲ ಉಸಿರು ಬಿಡದೆ ಹೇಳಿ ಮುಗಿಸಿದೆ. ನಿಮ್ಮ ತಂದೆಯನ್ನು ಹಿಡಿದವರು ಇವರು. ಇವರಿಗೆ ಕತ್ತಿ ಕೊಡಲು ನಿಮ್ಮ ತಂದೆ ಒಪ್ಪಲಿಲ್ಲ, ಚರ್ಮ ಕಪ್ಪು ಎಂಬ ಕಾರಣಕ್ಕೆ. ಈಗ ನಿಮ್ಮ ಹೆಸರು ಹೇಳಿಕೊಂಡು ಇವರನ್ನು ಕತ್ತರಿಸಿ ಬಿಸಾಡಿದ್ದಾರೆ.

ಆಕೆ ಕನ್ನಡಕ ಬದಲಿಸಿ ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡರು. ಅಪ್ಪನನ್ನು ಒಂದು ಸಲ ನೋಡಿದರು. ಆಮೇಲೆ ಬಹಳ ಹೊತ್ತು ನೋಡಿದ್ದು ತಾತನನ್ನು.

“ನನ್ನನ್ನು ಯಾರೂ ಏನೂ ಕೇಳಲಿಲ್ಲ” ಎಂದರು. “ಒಂದು ಪ್ರದರ್ಶನ ಇದೆ ಎಂದು ಹೇಳಿದ್ದರು. ಮೆಟ್ಟಿಲು ಹತ್ತಲಾರೆ, ಹೋಗಲಿಲ್ಲ.”

ಮತ್ತೆ ನೋಡಿದರು.

“ನನ್ನ ಅಪ್ಪ ಯಾವಾಗಲೂ ಹೇಳುತ್ತಿದ್ದದ್ದು ಒಬ್ಬ ಇಂಗ್ಲಿಷಿನವನು ಎಂದು. ಇಂಗ್ಲಿಷಿನವನೊಬ್ಬ ಬಂಡೆಗಳ ನಡುವೆ ನನ್ನನ್ನು ಕಂಡುಹಿಡಿದ, ಬಿಸಿಲಿನಲ್ಲಿ ಪಕ್ಕದಲ್ಲೇ ನಿಂತ, ಕುಡಿಯಲು ನೀರು ಕೊಟ್ಟ. ಆ ನೀರಿಗೆ ಚರ್ಮದ ವಾಸನೆ ಇತ್ತು, ಆದರೂ ಅಂಥ ನೀರು ಜೀವಮಾನದಲ್ಲಿ ಕುಡಿದಿಲ್ಲ ಅನ್ನುತ್ತಿದ್ದರು.”

“ಚರ್ಮದ ಚೀಲ ನನ್ನ ತಾತನದು” ಎಂದೆ. “ಇಂಗ್ಲಿಷಿನವನು ಬಂದದ್ದು ಮಧ್ಯಾಹ್ನ.”

“ಹಾಗೆಯೇ ಇರಬೇಕು” ಎಂದರು ಆಕೆ. “ಅಪ್ಪನಿಗೆ ನಾಚಿಕೆಯಾಗಿರಬೇಕು.”

“ಸೆರೆ ಸಿಕ್ಕಿದ್ದಕ್ಕೆ?”

“ಅದನ್ನು ಅವರು ಮುಚ್ಚಿಟ್ಟಿರಲಿಲ್ಲ” ಎಂದಷ್ಟೇ ಹೇಳಿ, ಕೇಕು ಕತ್ತರಿಸಲು ತೊಡಗಿದರು. ಚಾಕು ನೇರವಾಗಿ ಹೋಗಲಿಲ್ಲ.

ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು ಎಂದರೆ ನಂಬುತ್ತೀರೋ ಇಲ್ಲವೋ. ಅವನು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದ. ಬಂಡೆ, ಬಿಸಿಲು, ನೀರಿನ ವಾಸನೆ. ಮಕ್ಕಳಿಗೆ ಹೇಳುವಾಗ ಕೊಟ್ಟವನನ್ನು ಮಾತ್ರ ಬದಲಿಸಿದ. ಸಂಘದವರ ಕತ್ತರಿಗಿಂತ ಎಷ್ಟೋ ವರ್ಷ ಮುಂಚೆಯೇ ಅವನು ಕತ್ತರಿಸಿ ಮುಗಿಸಿದ್ದ. ಆದರೆ ಎದುರಿಗಿದ್ದವರು ಅವನಲ್ಲ. ನನ್ನ ತಟ್ಟೆಗೆ ಕೇಕು ಹಾಕುತ್ತಿದ್ದ ಮುದುಕಿ. ಬಾಯಿಪಾಠ ಮಾಡಿ ತಂದ ವಾಕ್ಯಗಳೆಲ್ಲ ಮುಗಿದಿದ್ದವು. ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ, ಕೇಕು ತಿಂದೆ.

“ಇವರ ಹೆಸರೇನು?” ಎಂದು ಆಕೆ ಕೇಳಿದರು.

ಜರ್ಮನಿಯಲ್ಲಿ ಯಾರೊಬ್ಬರೂ ಅಲ್ಲಿಯವರೆಗೆ ಅದನ್ನು ಕೇಳಿರಲಿಲ್ಲ. ಹೇಳಿದೆ. ಆಕೆ ಹೇಳಿ ನೋಡಿದರು, ತಪ್ಪಾಯಿತು. ನಿಧಾನವಾಗಿ ಬಿಡಿಸಿ ಹೇಳಿಕೊಟ್ಟೆ. ಮತ್ತೆ ಹೇಳಿದರು. ಶಾಲೆಯ ಮಗುವಿನ ಹಾಗೆ, ಸರಿಯಾಗುವವರೆಗೆ ಬಿಡಲಿಲ್ಲ. ಹೊರಡುವಾಗ, ಅಪ್ಪನ ಹೆಸರು ಪತ್ರಿಕೆಗೆ ಹೋಗುವುದು ಬೇಡ, ಆದರೆ ಈ ಫೋಟೋದ ಒಂದು ಪ್ರತಿ ನನಗೆ ಬೇಕು, ಪೂರ್ತಿಯದು ಎಂದರು. ಹಾಗೇ ಆಗಲಿ ಎಂದು ಮಾತು ಕೊಟ್ಟೆ, ಪ್ರತಿ ಮಾಡಿಸಿ ಅಂಚೆಯಲ್ಲಿ ಕಳಿಸಿದೆ. ಸಂಘದವರಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ ಎಂದೂ ಅಂದಿದ್ದರು. ಮಾಡಿರಬೇಕು. ಯಾಕೆಂದರೆ ಮುಂದಿನ ಕ್ರಿಸ್‌ಮಸ್‌ ಹೊತ್ತಿಗೆ ಸಂಘ ಆ ಪ್ರದರ್ಶನದ ಒಂದು ಪುಸ್ತಕ ಹೊರತಂದಾಗ ಅದರಲ್ಲಿ ಫೋಟೋ ಇಡಿಯಾಗಿ ಬಂದಿತ್ತು. ತಾತ ಇದ್ದರು, ಭರ್ಜಿ ಇತ್ತು. ಯಜಮಾನರು ನನಗೊಂದು ಪ್ರತಿ ಕಳಿಸಿದ್ದರು, ‘ಧನ್ಯವಾದಗಳೊಂದಿಗೆ’ ಎಂದು ಬರೆದು.

ಕೆಳಗಿನ ಸಾಲು ಓದಿದೆ. ರಿಟ್‌ಮೈಸ್ಟರ್ ಅವರ ಪೂರ್ತಿ ಹೆಸರು, ಅದರ ಮುಂದೆ: ಜೊತೆಗೆ ಅಜ್ಞಾತ ಇಂಡಿಯನ್ ಸವಾರ, ಪ್ಯಾಲೆಸ್ತೀನ್.

ಅಜ್ಞಾತ!

ಆತನಿಗೆ ಫೋನ್ ಮಾಡಿದೆ. “ಹೆಸರು ನಿಮಗೆ ಗೊತ್ತು. ಆ ಅಮ್ಮ ಹೇಳಿದ್ದಾರೆ. ನಾನೂ ಹೇಳಿದ್ದೇನೆ.”

“ಅಕ್ಷರಗಳು ಖಚಿತವಿರಲಿಲ್ಲ” ಎಂದರು. “ತಪ್ಪಾಗಿ ಅಚ್ಚಾಗುವುದಕ್ಕಿಂತ...”

“ಬರೆದುಕೊಳ್ಳಿ” ಎಂದು ಒಂದೊಂದೇ ಅಕ್ಷರ ಹೇಳಿದೆ. ಫೋನಿನಲ್ಲಿ ಜರ್ಮನ್ನರು ಹೇಳುವ ಹಾಗೆಯೇ, ಪ್ರತಿ ಅಕ್ಷರಕ್ಕೂ ಒಂದು ಜರ್ಮನ್ ಹೆಸರು ಸೇರಿಸಿ. ಮುಂದಿನ ಮುದ್ರಣದಲ್ಲಿ ಖಂಡಿತ ಸರಿಪಡಿಸುತ್ತೇವೆ ಎಂದರು. ಅಂಥ ಪುಸ್ತಕಗಳಿಗೆ ಮುಂದಿನ ಮುದ್ರಣ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಷ್ಟರಲ್ಲಿ ಗಂಡನ ಪ್ರಾಜೆಕ್ಟ್ ನಿಂತಿತು. ಅವನಿಗೆ ರೇಗನ್ಸ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ನನ್ನ ಪಾಸ್‌ಪೋರ್ಟಿನ ಮುದ್ರೆಯೂ ಬದಲಾಗಿ, ದುಡಿಯಬಹುದು ಎಂದಾಯಿತು. ಸಾಮಾನು ಕಟ್ಟುತ್ತಿದ್ದ ಒಂದು ಶನಿವಾರ, ತೆಗೆದುಕೊಂಡ ಪುಸ್ತಕಗಳನ್ನು ಹಿಂತಿರುಗಿಸಲು ಇಬ್ಬರೂ ಊರ ಲೈಬ್ರರಿಗೆ ಹೋದೆವು. ಸ್ಥಳೀಯ ಇತಿಹಾಸದ ಕಪಾಟಿನಲ್ಲಿ ಆ ಪುಸ್ತಕ ಇತ್ತು. ತೆಗೆದೆ. ಪುಟ ಬಿಡಿಸಿದೆ. ಬ್ಯಾಗಿನಿಂದ ಬಾಲ್‌ಪೆನ್ ತೆಗೆದೆ.

ಗಂಡ ಪಕ್ಕಕ್ಕೆ ಬಂದ. ಬಿಟ್ಟಾಕು ಅನ್ನುತ್ತಾನೆ ಅಂದುಕೊಂಡೆ. ಅವನು ಪುಟ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಕಪಾಟಿನ ಕೊನೆಗೆ ಹೋಗಿ, ಒಂದು ಅಡುಗೆ ಪುಸ್ತಕ ತೆರೆದು ಹಿಡಿದುಕೊಂಡು, ನನಗೆ ಬೆನ್ನು ಮಾಡಿ ಅಡ್ಡಲಾಗಿ ನಿಂತ.

“ಬೇಗ ಬರಿ” ಎಂದ ತಲೆ ತಿರುಗಿಸದೆ. “ಕೌಂಟರ್ ಹೆಂಗಸು ಈ ಕಡೆನೇ ಬರ್ತಿದಾಳೆ.”

‘ಅಜ್ಞಾತ’ ಎಂಬುದರ ಮೇಲೆ ಎರಡು ಗೆರೆ ಎಳೆದೆ. ಎಷ್ಟು ಒತ್ತಿದೆನೆಂದರೆ ಹಿಂದಿನ ಪುಟದಲ್ಲೂ ಗುರುತು ಮೂಡಿತು. ಮೇಲೆ ತಾತನ ಹೆಸರನ್ನು ಜರ್ಮನ್ನರ ಲಿಪಿಯಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆದೆ.

“ಕನ್ನಡದಲ್ಲೂ ಬರೀಲಾ?” ಎಂದು ಕೇಳಿದೆ.

“ಬರಿ, ಬರಿ” ಎಂದ. “ನಿಧಾನಕ್ಕೆ ಬರಿ. ನಾನು ಅವಳನ್ನ ಏನಾದ್ರೂ ಕೇಳ್ತಾ ನಿಲ್ಲಿಸ್ತೀನಿ.”